ಎಡಗಡೆಯ ಸೀಟು

ನನ್ನ ಪರ್ಸಿನಲ್ಲಿ ದುಡ್ಡಿಲ್ಲದಿದ್ದರೂ ನಡೆದೀತು, ಒಂದು ನಿಂಬೆಹಣ್ಣು ಮತ್ತು ಮಡಚಿಟ್ಟ ಎರಡು ಪ್ಲಾಸ್ಟಿಕ್ ಕೊಟ್ಟೆ ಇಲ್ಲದೆ ನಡೆಯುವುದಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಬಸ್ಸುಗಳಲ್ಲಿ ಓಡಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆಯವರಿಗೆ ಹೇಳುತ್ತೇನೆ: ಕೊಟ್ಟೆ ಅಂದರೆ ನಮ್ಮ ಕಡೆ ಚೀಲ. ನಮ್ಮ ರಸ್ತೆಗಳಲ್ಲಿ ನೆಟ್ಟಗಿನ ಜಾಗ ಕಡಿಮೆ, ನನ್ನ ಹೊಟ್ಟೆಗೆ ತಿರುವು ಆಗಿಬರುವುದಿಲ್ಲ. ಮೂರನೇ ತಿರುವಿಗೆ ಬಾಯಲ್ಲಿ ನೀರೂರುತ್ತದೆ, ಐದನೆಯದಕ್ಕೆ ಕೊಟ್ಟೆ ಬಿಚ್ಚಬೇಕು. ಇದು ತಾಯಿಯ ಕಡೆಯಿಂದ ಬಂದ ಆಸ್ತಿ. ನನಗೂ ಅಕ್ಕನಿಗೂ ಸಮಪಾಲು.

ನಾವು ಹುಟ್ಟಿದ್ದು ಸಿದ್ದಾಪುರದ ಕಡೆ. ಅಕ್ಕನನ್ನು ಯಲ್ಲಾಪುರದ ಆಚೆಗೆ ಕೊಟ್ಟರು, ನನ್ನನ್ನು ಶಿರಸಿ ಪೇಟೆಗೆ. ನಡುವೆ ಒಂದೂವರೆ ತಾಸಿನ ದಾರಿ. ಬೇರೆಯವರು ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ತಿರುಗಿ ಬರುವಷ್ಟು ಹತ್ತಿರ. ನಾವಿಬ್ಬರು ಮಾತ್ರ ಮೂವತ್ತು ವರ್ಷ ಫೋನಿನಲ್ಲೇ ಸಂಸಾರ ಮಾಡಿದೆವು. ಅವಳು ಮದುವೆ ಮುಂಜಿಗಷ್ಟೇ ಶಿರಸಿಗೆ ಬರುತ್ತಾಳೆ. ನಾನು ವರ್ಷಕ್ಕೊಮ್ಮೆ, ದಸರಾ ಮುಗಿದು ಮಳೆ ಬಿಟ್ಟ ಮೇಲೆ ಹೋಗುತ್ತೇನೆ. ಹೋಗುತ್ತೇನೆ ಅಂದರೆ ತಪ್ಪು, ನನ್ನನ್ನು ಒಯ್ಯುತ್ತಾರೆ. ಅಕ್ಕ ಜಗಲಿಯ ಮೇಲೆ ಚಾಪೆ ಹಾಸಿ, ತಂಬಿಗೆಯಲ್ಲಿ ನೀರು ಹಿಡಿದು ಕಾದಿರುತ್ತಾಳೆ. ನಾನು ಆ ಚಾಪೆಯ ಮೇಲೆ ಸಂಜೆಯವರೆಗೆ ಬಿದ್ದಿದ್ದು, ಎದ್ದು ಗಂಜಿ ಕುಡಿಯುತ್ತೇನೆ. ಮರುದಿನ ಹೊರಡಬೇಕಲ್ಲ, ಆ ಹೆದರಿಕೆಗೆ ಬೆಳಿಗ್ಗೆಯೂ ಗಂಜಿಯೇ.

ಅಕ್ಕನ ಕೈಯಡಿಗೆಯನ್ನು ಆ ಸೀಮೆಯೇ ಹೊಗಳುತ್ತದೆ. ಒಡಹುಟ್ಟಿದ ನಾನು ಅವಳ ಮನೆಯಲ್ಲಿ ಉಂಡದ್ದು ಗಂಜಿ, ಗಂಜಿ, ಮತ್ತೂ ಗಂಜಿ. ನನ್ನ ಆಸೆ ದೊಡ್ಡದೇನಲ್ಲ. ಒಂದು ಸಲ, ಒಂದೇ ಒಂದು ಸಲ, ಅವಳ ಅಂಗಳದಲ್ಲಿ ನನ್ನ ಕಾಲ ಮೇಲೆ ನಾನು ಇಳಿಯಬೇಕು, ಅವಳ ಪಕ್ಕ ಕೂತು ಬಾಳೆಲೆ ತುಂಬ ಉಣ್ಣಬೇಕು. ಅಷ್ಟೇ.

ಇಂಥವಳಿಗೆ ಸಿಕ್ಕಿದ ಗಂಡನಿಗೆ ತಿರುವು ಅಂದರೆ ಪ್ರಾಣ. ಅವರು ಹಲ್ಲಿನ ಡಾಕ್ಟರು. ಜೀವಮಾನವೆಲ್ಲ ಜನರ ಬಾಯಿ ತೆರೆಸಿ, ಅವರು ಉತ್ತರ ಕೊಡಲಾಗದ ಹೊತ್ತಿನಲ್ಲೇ ಪ್ರಶ್ನೆ ಕೇಳುತ್ತ ಬಂದವರು. ಕಾರಿನಲ್ಲೂ ಅದೇ ಚಾಳಿ. ನನ್ನ ಮುಖ ಕೊಟ್ಟೆಯೊಳಗೆ ಇರುವಾಗ ಕೇಳುತ್ತಾರೆ, "ಹ್ಯಾಂಗನೆ, ಆರಾಮಿದ್ಯ?"

ಎರಡು ವರ್ಷದ ಹಿಂದೆ ಈ ಮಹಾರಾಯರು ಗೋವಾದ ಯಾರಿಂದಲೋ ಒಂದು ಹಳೆಯ ಸ್ಪೋರ್ಟ್ಸ್ ಕಾರು ಕೊಂಡು ತಂದು ಅಂಗಳದಲ್ಲಿ ನಿಲ್ಲಿಸಿದರು. ಕಡು ಹಸಿರು ಬಣ್ಣ, ಎರಡೇ ಸೀಟು, ಮೇಲಿನ ಮಾಡನ್ನು, ಅಂದರೆ ಚಾವಣಿಯನ್ನು, ಬಟ್ಟೆಯ ಹಾಗೆ ಹಿಂದಕ್ಕೆ ಮಡಚಿಡಬಹುದು. ನೋಡಲು ಬಂದವರ ಮಾತು ಕೇಳಬೇಕಿತ್ತು! "ಅಡಿಕೆ ಚೀಲ ಎಲ್ಲಿ ಹಾಕ್ತ್ರಿ ಡಾಕ್ಟ್ರೆ?" ಎಂದು ಒಬ್ಬರು. "ದಾರಿ ಮೇಲೆ ಯಾರಾದ್ರೂ ಕೈ ಮಾಡಿದ್ರೆ ಎಲ್ಲಿ ಕೂರ್ಸ್ಕ್ಯತ್ರಿ?" ಎಂದು ಇನ್ನೊಬ್ಬರು. ಪಕ್ಕದ ಮನೆಯ ಅಜ್ಜಿ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಉಳಿದರ್ಧ ಯಾವಾಗ ಬತ್ತು?" ಎಂದು ಕೇಳಿ ಹೋದರು. ನಾನು ಮೂರು ದಿನ ಅವರ ಹತ್ತಿರ ಮಾತು ಬಿಟ್ಟೆ. ನಾಲ್ಕನೆಯ ದಿನ ಪೂಸಿ ಹೊಡೆದು ಕೂರಿಸಿಕೊಂಡು ಹೋದರು. ಕೊಟ್ಟೆ ಬಿಚ್ಚಲು ಐದನೇ ತಿರುವೂ ಬೇಕಾಗಲಿಲ್ಲ. ಅಲ್ಲಿಂದ ಮುಂದೆ ಆ ಎಡಗಡೆ ಸೀಟಿಗೆ ನಾನು ಕೈ ಮುಗಿದೆ.

ಅವರು ಮಾತ್ರ ಪ್ರತಿ ಭಾನುವಾರ ಹೊರಡುವವರೇ. ಒಂದು ವಾರ ಹೆಗಡೆಕಟ್ಟಾ, ಒಂದು ವಾರ ಸಿದ್ದಾಪುರ. ಕೆಲಸವೇನಿಲ್ಲ, ಹೋಗುವುದು, ಒಂದು ಚಾ ಕುಡಿಯುವುದು, ಬರುವುದು. ಬರುವಾಗ ಅವರ ಮುಖ ನೋಡಬೇಕು, ಮಕ್ಕಳು ಹೊಳೆಯಲ್ಲಿ ಆಡಿ ಬಂದ ಹಾಗೆ. ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟಲ್ಲ, ಈಗ ಹೇಳಿದರೆ ಏನಾಯಿತು, ಹೊಟ್ಟೆಕಿಚ್ಚು.

ನನಗೆ ಕಾರು ಓಡಿಸಲು ಬರುವುದಿಲ್ಲ ಎಂದುಕೊಳ್ಳಬೇಡಿ. ಮನೆಯ ದೊಡ್ಡ ಕಾರನ್ನು ಪೇಟೆಯಲ್ಲೆಲ್ಲ ನಾನೇ ಓಡಿಸುತ್ತೇನೆ. ಗುಡ್ನಾಪುರದ ಕೆರೆಯವರೆಗೂ ಎಷ್ಟೋ ಸಲ ಹೋಗಿದ್ದೇನೆ, ಆ ಕಡೆ ತಿರುವು ಕಡಿಮೆ, ದಾರಿ ಸ್ವಲ್ಪ ಸಸಾರ. ಆದರೆ ತಿರುವಿನ ದಾರಿ ಅಂದ ಕೂಡಲೇ ಕೀಲಿಕೈ ಅವರ ಕೈಗೆ, ನಾನು ಎಡಗಡೆಗೆ. ತಿರುವಲ್ಲಿ ವಾಂತಿ ಮಾಡುವವಳ ಕೈಗೆ ಸ್ಟಿಯರಿಂಗ್ ಕೊಡುವವರು ಯಾರು? ಅವರೂ ಕೊಡಲಿಲ್ಲ, ನಾನೂ ಕೇಳಲಿಲ್ಲ. ಇಬ್ಬರೂ ಓದಿದವರೇ, ಮೂವತ್ತು ವರ್ಷ ಇಬ್ಬರ ತಲೆಗೂ ಬೇರೆ ಯೋಚನೆ ಹೊಳೆಯಲಿಲ್ಲ.

ಕಳೆದ ವರ್ಷ ಅಕ್ಕನ ಮನೆಗೆ ಹೋಗುವ ದಿನ ಗೊತ್ತಾಗಿತ್ತು. ಅದಕ್ಕೆ ಹತ್ತು ದಿನ ಮೊದಲು ಅವರು ಬಚ್ಚಲಿನಲ್ಲಿ ಜಾರಿ ಎಡಗೈ ಮಣಿಕಟ್ಟು ಉಳುಕಿಸಿಕೊಂಡರು. ಎಡಗೈ ಇಲ್ಲದೆ ಗೇರಿಲ್ಲ, ಗೇರಿಲ್ಲದೆ ಕಾರಿಲ್ಲ. ಹಸಿರು ಕಾರಿನ ಬ್ಯಾಟರಿ ಸಾಯಬಾರದೆಂದು ನಾನೇ ಅದನ್ನು ದಿನಕ್ಕೊಮ್ಮೆ ಓಣಿಯ ಕೊನೆಯವರೆಗೆ ಓಡಿಸಿ ತರುತ್ತಿದ್ದೆ. ಗೇಣುದ್ದವೂ ಇಲ್ಲದ ಆ ಗೇರಿನ ಕೋಲು ಟಕ್ಕೆಂದು ಬೀಳುವಾಗ ಒಂಥರಾ ಖುಷಿಯಾಗುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಅಷ್ಟರಲ್ಲಿ ದೊಡ್ಡ ಕಾರು ಗ್ಯಾರೇಜು ಸೇರಿತು.

ಹೊರಡುವ ದಿನ ಬೆಳಿಗ್ಗೆ ದೋಸೆ ತಿನ್ನುತ್ತ ಅವರು ಹೇಳಿದರು, "ಈ ವರ್ಷ ಬಿಡು, ಮುಂದಿನ ವರ್ಷ ಹೋಪನ."

ನನ್ನ ಪಿತ್ತ ನೆತ್ತಿಗೇರಿತು. ಅಕ್ಕನಿಗೆ ಅರವತ್ತು ದಾಟಿದೆ. ನಮಗೆ ಇನ್ನೆಷ್ಟು ಮುಂದಿನ ವರ್ಷಗಳಿವೆ ಎಂದು ಯಾರಾದರೂ ಬರೆದುಕೊಟ್ಟಿದ್ದಾರೆಯೇ? ಗೋಡೆಯ ಮೊಳೆಯಲ್ಲಿದ್ದ ಹಸಿರು ಕಾರಿನ ಕೀಲಿಕೈ ತೆಗೆದುಕೊಂಡೆ.

"ಏಳಿ. ಆನು ಓಡಿಸ್ತೆ."

"ನಿಂಗೆ ಮರ್ಲನೆ? ಆ ತಿರುವಲ್ಲಿ ನಿಂಗೆ ಆಗ್ತಿಲ್ಲೆ!"

"ಆಗ್ತಿಲ್ಲೆ ಅಂದ್ರೆ ರಸ್ತೆ ಬದಿಗೆ ನಿಲ್ಲಿಸಿ ವಾಂತಿ ಮಾಡ್ತೆ. ಅದು ಹೊಸತಲ್ಲ. ನಿಂಗ ಸುಮ್ನೆ ಬಂದು ಕೂತ್ಕಳಿ."

ಅವರು ದೋಸೆ ಕೈಯಲ್ಲೇ ಎದ್ದರು.

ಮಾಡು ಮಡಚಿದೆವು. ಸೀಟು ಎಷ್ಟು ತಗ್ಗು ಎಂದರೆ, ಕೂತರೆ ರಸ್ತೆ ಸೊಂಟಕ್ಕೇ ತಾಗಿದ ಹಾಗೆ. ಪೇಟೆ ದಾಟಿ ಕಾಡಿನ ಮೊದಲ ತಿರುವು ಬಂದಾಗ ನಾನು ಸ್ಟಿಯರಿಂಗನ್ನು ಬೆರಳು ಬಿಳುಚಿಕೊಳ್ಳುವಷ್ಟು ಗಟ್ಟಿ ಹಿಡಿದಿದ್ದೆ. "ಮೊದ್ಲೇ ಗೇರ್ ಇಳ್ಸು, ಆಮೇಲೆ ತಿರುಗ್ಸು," ಎಂದರು ಅವರು. ಇಳಿಸಿದೆ, ತಿರುಗಿಸಿದೆ. ಎರಡನೇ ತಿರುವು. ಮೂರನೆಯದು. ಬಾಯಲ್ಲಿ ನೀರೂರುವುದನ್ನೇ ಕಾಯುತ್ತಿದ್ದೆ, ಊರಲಿಲ್ಲ. ಐದನೆಯದು ಕಳೆಯಿತು. ಎಂಟನೆಯದರ ನಂತರ ಲೆಕ್ಕ ಬಿಟ್ಟೆ.

ಆಗ ನನಗೆ ಒಂದು ಸಂಗತಿ ಗೊತ್ತಾಯಿತು. ಈ ರಸ್ತೆ ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಮೂವತ್ತು ವರ್ಷ ಕಣ್ಣು ಮುಚ್ಚಿಕೊಂಡು ಹೊಟ್ಟೆಯಲ್ಲೇ ಒಂದೊಂದು ತಿರುವನ್ನೂ ಅನುಭವಿಸಿದವಳು ನಾನು. ಇಲ್ಲಿ ಎಡಕ್ಕೆ, ಕೂಡಲೇ ಬಲಕ್ಕೆ, ಇನ್ನು ಸ್ವಲ್ಪ ಸುಧಾರಿಸಿಕೊಳ್ಳಬಹುದು, ಮತ್ತೆ ಬಲಕ್ಕೆ. ಇಷ್ಟು ವರ್ಷ ಯಾವುದಕ್ಕೆ ಹೆದರಿ ಹಲ್ಲು ಕಚ್ಚುತ್ತಿದ್ದೆನೋ ಅದಕ್ಕೇ ಈಗ ಮುಂಚಿತವಾಗಿ ಗೇರು ಇಳಿಸುತ್ತಿದ್ದೆ. ತಿರುವಿನೊಳಗೆ ನಿಧಾನ ಹೊಕ್ಕು, ಹೊರಬೀಳುವಾಗ ಆಕ್ಸಿಲರೇಟರ್ ಒತ್ತಿದರೆ, ಆ ಪುಟ್ಟ ಕಾರು ರಸ್ತೆಯನ್ನು ಕಚ್ಚಿ ಹಿಡಿದು ಹೊರಳುತ್ತಿತ್ತು. ಹೊರಳುವುದು ಸ್ಟಿಯರಿಂಗಿನಲ್ಲಿ ಅಲ್ಲ, ನನ್ನ ಸೊಂಟದಲ್ಲೇ ಗೊತ್ತಾಗುತ್ತಿತ್ತು. ಗಾಳಿಗೆ ತುರುಬು ಬಿಚ್ಚಿಹೋಯಿತು. ಬಿಸಿಲು, ನೆರಳು, ಬಿಸಿಲು. ಹುತ್ತಗಳು ನನ್ನ ಎತ್ತರಕ್ಕೆ ಕಾಣುತ್ತಿದ್ದವು. ಎದುರು ಬಂದ ಬಸ್ಸಿನ ಹೊಟ್ಟೆಯೇ ಕಂಡಿತು. ನಾನು ನಗುತ್ತಿದ್ದೆ. ಒಬ್ಬಳೇ, ಹುಚ್ಚಿಯ ಹಾಗೆ, ದೊಡ್ಡಕ್ಕೆ.

ಅಯ್ಯೋ, ಇದನ್ನೇ ಅಲ್ಲವೇ ಇವರು ಪ್ರತಿ ಭಾನುವಾರ ಕದ್ದು ತಿಂದು ಬರುತ್ತಿದ್ದದ್ದು!

ಮಂಚಿಕೇರಿ ಕಡೆಗೆ ಇಳಿದು ಇಳಿದು ಕೆಳಗೆ ಬಂದಾಗ ಎದುರಿಗೆ ಒಂದು ಹೊಳೆ. ಅಗಲ, ಕಪ್ಪು ಬಂಡೆ, ನಡುವೆ ಹಸಿರು ನೀರು. ಸೇತುವೆಗೆ ಮೊದಲೇ ಬದಿಗೆ ನಿಲ್ಲಿಸಿ, "ಇದು ಯಾವ ಹೊಳೆ?" ಎಂದು ಕೇಳಿದೆ.

"ಬೇಡ್ತಿ ಹೊಳೆ. ಎಂತ, ಹೊಸತಾ?" ಅವರ ಧ್ವನಿ ಸಣ್ಣಗಿತ್ತು.

ಹೊಸತೇ. ಪ್ರತಿ ವರ್ಷ ಹೋಗಿ ಬಂದ ದಾರಿಯಲ್ಲಿ ನಾನು ಬೇಡ್ತಿ ಹೊಳೆಯನ್ನು ನೋಡಿಯೇ ಇರಲಿಲ್ಲ. ಈ ಜಾಗಕ್ಕೆ ಬರುವಷ್ಟರಲ್ಲಿ ನನ್ನ ತಲೆ ಕಿಟಕಿಯ ಮೇಲೆ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿರುತ್ತಿತ್ತು. ಸೇತುವೆಯ ಮೇಲೆ ಚಕ್ರದ ಸದ್ದು ಬದಲಾಗುವುದಷ್ಟೇ ನನಗೆ ಗೊತ್ತಿದ್ದ ಬೇಡ್ತಿ. ಕಣ್ಣು ತುಂಬಿ ಬಂತು. ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ಹೊರಟೆ.

ಆಚೆ ದಡದ ಏರು ಶುರುವಾಯಿತು. ಡಾಕ್ಟರರು ಬಹಳ ಹೊತ್ತಿನಿಂದ ಸುಮ್ಮನಿದ್ದರು. ಹೆಂಡತಿಯ ಕೈಚಳಕ ನೋಡಿ ಮಾತು ನಿಂತಿದೆ ಎಂದು ನಾನು ಉಬ್ಬಿಹೋಗಿದ್ದೆ. ಎರಡು ತಿರುವು ಏರಿದ ಮೇಲೆ ಅವರು ಸರಿಯಿದ್ದ ಕೈಯಿಂದ ನನ್ನ ತೋಳು ಹಿಡಿದರು.

"ಒಂಚೂರು ನಿಲ್ಸು."

ನೋಡಿದರೆ ಮುಖ ಸುಣ್ಣದಂತೆ ಬೆಳ್ಳಗೆ. ಹಣೆಯ ಮೇಲೆ ಬೆವರು. ಯಾವತ್ತೂ ತಾವೇ ಓಡಿಸಿದವರು, ಇಂಥ ದಾರಿಯಲ್ಲಿ ಎಡಗಡೆಯ ಸೀಟಿನಲ್ಲಿ ಕೂತದ್ದು ಇದೇ ಮೊದಲು. ನಾನು ಪರ್ಸು ತೆರೆದು ಒಂದು ಕೊಟ್ಟೆ ತೆಗೆದುಕೊಟ್ಟೆ. ಅವರು ಅದರೊಳಗೆ ಮುಖ ಹಾಕಿದ ಹೊತ್ತು ನೋಡಿ, ಬಿಡಲಾರದೆ ಕೇಳಿಯೇಬಿಟ್ಟೆ.

"ಹ್ಯಾಂಗೆ, ಆರಾಮಿದ್ರ?"

ಅವರು ಒಂದು ಕೈಯೆತ್ತಿ ಸುಮ್ಮನಿರು ಎಂದು ಸನ್ನೆ ಮಾಡಿದರು. ಆಮೇಲೆ ನನಗೇ ಪಾಪ ಅನ್ನಿಸಿತು. ನೀರು ಕೊಟ್ಟೆ, ಸೆರಗಿನಿಂದ ಮುಖ ಒರೆಸಿದೆ, ನಿಂಬೆಹಣ್ಣು ಗೀರಿ ಮೂಗಿಗೆ ಹಿಡಿದೆ. ಅವರು ಕಣ್ಣು ಮುಚ್ಚಿ ಸೀಟಿಗೆ ಒರಗಿದರು. ಸ್ವಲ್ಪ ಹೊತ್ತಿನ ಮೇಲೆ ಕೇಳಿದರು.

"ಮೂವತ್ತು ವರ್ಷನೂ ನಿಂಗೆ ಹಿಂಗೇ ಆಗ್ತಿತ್ತಾ?"

"ಹೌದು."

ಅವರು ನಿಂಬೆಹಣ್ಣು ಹಿಡಿದಿದ್ದ ನನ್ನ ಕೈಯನ್ನು ಹಾಗೇ ಹಿಡಿದುಕೊಂಡರು. ಗೇರು ಹಾಕಬೇಕು, ಕೈ ಬಿಡಿ ಎಂದು ನಾನೇ ಹೇಳಬೇಕಾಯಿತು.

ಯಲ್ಲಾಪುರದಲ್ಲಿ ಅವರಿಗೆ ಸೋಡಾ ಕುಡಿಸಲು ನಿಲ್ಲಿಸಿದೆ. ಪಕ್ಕದಲ್ಲಿ ನಿಂತ ಲಾರಿಯ ಡ್ರೈವರು, ಹಾವೇರಿ ಕಡೆಯವನಿರಬೇಕು, ಮೇಲಿನಿಂದ ಬಗ್ಗಿ ನೋಡಿದ. "ಅಕ್ಕಾರ, ಈ ಗಾಡಿ ಏರು ಹತ್ತತೈತೇನ್ರಿ?"

"ಹತ್ತಿ ಬಂತಲ್ಲ," ಎಂದೆ.

"ಮತ್ತ ಸಾಹೇಬ್ರ್ಯಾಕ ಹಂಗ ಕುಂತಾರ?"

"ಅವ್ರು ಹತ್ತಲಿಲ್ಲ," ಎಂದೆ. ಅವನು ಸ್ಟಿಯರಿಂಗಿನ ಮೇಲೆ ಬಿದ್ದು ನಕ್ಕ. ಸೋಡಾ ಹಿಡಿದವರೂ ನಕ್ಕರು, ಪುಣ್ಯಾತ್ಮರು.

ಅಕ್ಕನ ಅಂಗಳಕ್ಕೆ ಕಾರು ಹೊಕ್ಕಾಗ ಹನ್ನೊಂದೂವರೆ. ಚಾಪೆ ಹಾಸಿತ್ತು. ಅಕ್ಕ ತಂಬಿಗೆ ಹಿಡಿದು ಓಡಿ ಬಂದಳು, ರೂಢಿಯಂತೆ ಸೀದಾ ಎಡಗಡೆಯ ಬಾಗಿಲಿಗೆ. ಬಾಗಿಲು ತೆಗೆದು, "ಬಾ ತಂಗೀ, ನಿಧಾನ," ಎಂದು ಕೈ ನೀಡಿದವಳು ಕೊಟ್ಟೆಯೊಳಗಿಂದ ಮೇಲೆದ್ದ ಮುಖ ನೋಡಿ ಹೌಹಾರಿದಳು.

"ಅಯ್ಯೋ ದೇವ್ರೆ, ಭಾವ! ಇದೆಂತ ಅವಸ್ಥೆ?"

ನಾನು ಬಲಗಡೆಯಿಂದ ಇಳಿದೆ. ನನ್ನ ಕಾಲ ಮೇಲೆ ನಾನು. ತುರುಬು ಬಿಚ್ಚಿಹೋಗಿದೆ, ಕೈಯಲ್ಲಿ ಕೀಲಿಕೈ. ಅಕ್ಕ ನನ್ನನ್ನೂ ಕಾರನ್ನೂ ಒಂದೆರಡು ಸಲ ನೋಡಿದಳು. "ನೀನು ಓಡಿಸ್ಕ್ಯಂಡು ಬಂದ್ಯನೆ? ವಾಂತಿ ಬಂಜಿಲ್ಯಾ?"

"ಓಡಿಸಿದ್ರೆ ಬತ್ತಿಲ್ಲೆ ಅಕ್ಕಾ. ಇಷ್ಟು ವರ್ಷ ಗೊತ್ತೇ ಇತ್ತಿಲ್ಲೆ."

ಇಬ್ಬರೂ ಸೇರಿ ಡಾಕ್ಟರರನ್ನು ನನ್ನ ಚಾಪೆಯ ಮೇಲೆ ಮಲಗಿಸಿದೆವು. ಅಕ್ಕ ಒಳಗೆ ಹೋದಳು. ಬಹಳ ಹೊತ್ತು ಹೊರಗೆ ಬರಲಿಲ್ಲ. ನಾನು ಅಡಿಗೆಮನೆಗೆ ಹೋದರೆ, ಒಲೆಯ ಎದುರು ಸುಮ್ಮನೆ ನಿಂತಿದ್ದಳು. ಒಲೆಯ ಮೇಲೆ ಒಂದೇ ಪಾತ್ರೆ.

"ಗಂಜಿ ಬಿಟ್ರೆ ಎಂತದೂ ಮಾಡಿದ್ನಿಲ್ಲೆ ಮಾರಾಯ್ತಿ," ಎಂದಳು. ತಪ್ಪು ಮಾಡಿದವಳ ಮುಖ ಅವಳದು. "ನೀ ಬಪ್ಪ ದಿನ ಈ ಮನೇಲಿ ಬೇರೆ ಅಡಿಗೆ ಮಾಡಿದ್ದೇ ಇಲ್ಲೆ."

"ಮತ್ತೆ ನೀನು ಎಂತ ಉಣ್ತಿದ್ದೆ ಆ ದಿನ?"

"ಗಂಜಿಯೇ. ನೀ ಅಲ್ಲಿ ಹೊಟ್ಟೆ ಹಿಡ್ಕಂಡು ಬಿದ್ದಿರಕಾದ್ರೆ ಆನು ಇಲ್ಲಿ ಕೂತು ಹುಳಿ ಅನ್ನ ಉಣ್ಣವಾಗಿತ್ತಾ?"

ಅವಳು ಅದನ್ನು ಹೇಳಿದ ರೀತಿಯಲ್ಲಿ ದೊಡ್ಡ ಮಾತೇನೂ ಇರಲಿಲ್ಲ, ಸ್ವಲ್ಪ ಗದರಿಕೆಯೇ ಇತ್ತು. ವರ್ಷ ವರ್ಷವೂ ನಾನು ಜಗಲಿಯಲ್ಲಿ ಗಂಜಿ ಕುಡಿಯುವಾಗ, ಇವಳು ಅಡಿಗೆಮನೆಯಲ್ಲಿ ಅದನ್ನೇ ಕುಡಿಯುತ್ತಿದ್ದಳು. ನಾನು ನನ್ನ ಹೊಟ್ಟೆಯ ಕಷ್ಟವನ್ನಷ್ಟೇ ಎಣಿಸಿಕೊಂಡು ಕೂತಿದ್ದೆ.

ಅಕ್ಕ ಗಂಜಿಯನ್ನು ಒಂದು ಬಟ್ಟಲಿಗೆ ಬಗ್ಗಿಸಿ ಜಗಲಿಗೆ ಕೊಟ್ಟು ಬಂದಳು. ಖಾಲಿ ಪಾತ್ರೆ ತೊಳೆದು ಕವುಚಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಕಡೆ ತಿರುಗಿದಳು.

"ಈಗ ಹೇಳು. ಎಂತ ಮಾಡ್ಲೆ?"

ಆ ಮನೆಯಲ್ಲಿ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ನಾನು ಹೇಳುತ್ತ ಹೋದೆ, ಅವಳು ಹೂಂ ಹೂಂ ಎನ್ನುತ್ತ ಹೋದಳು. ಮೊಗೆಕಾಯಿ ಹುಳಿ, ಬಾಳೆಕಾಯಿ ಪಲ್ಯ, ತಂಬಳಿ, ಹಪ್ಪಳ, ಕೊನೆಗೆ ಪಾಯಸವೂ. ಕಾಯಿ ತುರಿಯಲು ನಾನು ಕೂತೆ, ಹೋಳು ಹೆಚ್ಚಲು ಅವಳು ಕೂತಳು. ಎಲೆ ಹಾಕುವಾಗ ಮೂರು ಗಂಟೆ. ಇಬ್ಬರೂ ಪಕ್ಕಪಕ್ಕ ಕೂತು, ಎರಡೆರಡು ಸಲ ಬಡಿಸಿಕೊಂಡು ಉಂಡೆವು.