ಆಸ್ಪತ್ರೆ ಗೇಟಿನ ಕೈಯಕ್ಕ

ಬೆಳಕು ಇನ್ನೂ ಸರಿಯಾಗಿ ಬಿಟ್ಟಿಲ್ಲ. ದೊಡ್ಡಾಸ್ಪತ್ರೆಯ ಹಿಂಬದಿ ಗೇಟಿನ ಪಕ್ಕ, ಕಾಂಪೌಂಡಿಗೆ ತಾಗಿದಂತೆ ಒಂದು ನೀಲಿ ಟಾರ್ಪಾಲು ಹಾಸಿದೆ. ಅದರ ಮೇಲೊಂದು ಚೊಂಬು ನೀರು, ಮಡಿಸಿಟ್ಟ ಬಿಳಿ ಬಟ್ಟೆ, ಕೈ ನೋಡಿ ಭವಿಷ್ಯ ಹೇಳುವ ಅತ್ತೆ, ಪಕ್ಕದಲ್ಲಿ ಅವರ ಸೊಸೆ. ರಾತ್ರಿ ಪಾಳಿ ಮುಗಿಸಿ ಬಂದ ವಾರ್ಡಿನ ಆಯಾ ಚಪ್ಪಲಿ ಬಿಟ್ಟು ಕೂತು ಎಡಗೈ ಚಾಚುತ್ತಾರೆ. ಸೊಸೆ ಒದ್ದೆ ಬಟ್ಟೆಯಿಂದ ಆ ಅಂಗೈ ಒರೆಸುತ್ತಾಳೆ. ಅತ್ತೆ ಅದನ್ನು ಕಣ್ಣಿಗೆ ತೀರ ಹತ್ತಿರ ಎಳೆದುಕೊಳ್ಳುತ್ತಾರೆ.

“ಮೂಸಿ ನೋಡ್ತೀರೇನಕ್ಕ?” ಆಯಾ ನಗುತ್ತಾರೆ.

“ಹೂಂ ಮತ್ತೆ. ಫಿನಾಯಿಲ್ ವಾಸನೆ. ನಿದ್ದೆಗೆಟ್ಟ ಯೋಗ ಇದೆ ನಿಂಗೆ.”

“ಅದಕ್ಕೆ ಗೆರೆ ಬೇಕಾ? ನನ್ನ ಕಣ್ಣು ನೋಡಿದ್ರೆ ಸಾಕು!”

“ಕಣ್ಣು ನೋಡೋಕೆ ಬಂದಿದ್ರೆ ಒಳಗಡೆ ಡಾಕ್ಟರಾಗಿರ್ತಿದ್ದೆ. ಸುಮ್ನೆ ಕೂತ್ಕೊ.”

ಅತ್ತೆಯನ್ನು ಈ ಬೀದಿಯಲ್ಲಿ ಎಲ್ಲರೂ ಕರೆಯುವುದು ಕೈಯಕ್ಕ ಎಂದು. ಮೂವತ್ತು ವರ್ಷದ ಮೇಲಾಯಿತು, ಅವರ ಜಾಗ ಬದಲಾಗಿಲ್ಲ. ಗಂಡ ಇದೇ ಆಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳುತ್ತಿದ್ದವರು. ಬೆನ್ನು ಕೈಕೊಟ್ಟು ಮನೆ ಸೇರಿದರು. ಆಗ ಗಂಡನ ತಾಯಿ ಕೈಯಕ್ಕನನ್ನು ಎದುರಿಗೆ ಕೂರಿಸಿಕೊಂಡು ತಮಗೆ ಗೊತ್ತಿದ್ದ ವಿದ್ಯೆ ಹೇಳಿಕೊಟ್ಟರು. ದಿನಕ್ಕೆ ಹತ್ತು ಹನ್ನೆರಡು ಕೈ. ಬಹುಪಾಲು ರೋಗಿಗಳ ಕಡೆಯವರು. “ಅವ್ರಿಗೆ ಗೆರೆ ಗಿರೆ ಬೇಕಾಗಿರಲ್ಲ. ಯಾರಾದ್ರೂ ಸ್ವಲ್ಪ ಹೊತ್ತು ಕೈ ಹಿಡ್ಕೊಂಡು ಮಾತಾಡಿದ್ರೆ ಸಾಕಾಗಿರುತ್ತೆ,” ಎನ್ನುತ್ತಾರೆ ಕೈಯಕ್ಕ.

ಈಗ ಕಣ್ಣು ಸೋತಿದೆ. ಎರಡೂ ಕಡೆ ಪೊರೆ. ಒಂದನ್ನು ತೆಗೆಸಿದ್ದಾಯಿತು, ಆದರೂ ಸಣ್ಣ ಗೆರೆ ಕಾಣದು. ಸೊಸೆ ಹೊಲಿಯುತ್ತಿದ್ದ ಬಟ್ಟೆ ಕಾರ್ಖಾನೆಗೆ ಬೀಗ ಬಿದ್ದಿದೆ. ಮಗ ಲಾರಿಯಲ್ಲಿ ಹೋದರೆ ವಾರಗಟ್ಟಲೆ ಪತ್ತೆಯಿಲ್ಲ. ಈ ಟಾರ್ಪಾಲಿನ ಮೇಲೆ ಅತ್ತೆಯ ನಂತರ ಸೊಸೆ ಕೂರಬೇಕು. ಇಲ್ಲದಿದ್ದರೆ ಟಾರ್ಪಾಲನ್ನು ಮಡಿಸಿಡಬೇಕು.

ಹಾಗೆ ಶುರುವಾಯಿತು ಪಾಠ. ಹೆಬ್ಬೆರಳು, ತೋರುಬೆರಳ ನಡುವೆ ಹುಟ್ಟಿ, ಹೆಬ್ಬೆರಳ ಬುಡವನ್ನು ಬಳಸಿ ಮಣಿಕಟ್ಟಿನ ಕಡೆ ಇಳಿಯುವುದು ಆಯುಷ್ಯ ರೇಖೆ. ಅಂಗೈಯ ನಡುವೆ ಅಡ್ಡ ಹೋಗುವುದು ಬುದ್ಧಿ ರೇಖೆ. ಅದರ ಮೇಲೆ, ಬೆರಳುಗಳ ಬುಡದಲ್ಲಿ ಹೃದಯ ರೇಖೆ. ಸೊಸೆ ಪಾತ್ರೆ ತಿಕ್ಕುತ್ತಾ ನೊರೆ ಕೈಯನ್ನೇ ಮೇಲೆತ್ತಿ ಗೊಣಗಿಕೊಳ್ಳುವುದನ್ನು ಕಂಡ ಮಾವ, “ಇವಳಿಗೇನೋ ಆಗಿದೆ ಕಣೇ, ಯಾರಿಗಾದ್ರೂ ತೋರ್ಸು,” ಎಂದು ಹೆಂಡತಿಯ ಕಿವಿ ಕಚ್ಚಿದ್ದರಂತೆ.

ಕಲಿಯಲು ಅವಳಿಗಿದ್ದದ್ದು ಅವಳದೇ ಕೈ. ಮನೆಯವರ ಕೈ ಮನೆಯವರು ನೋಡಬಾರದೆಂಬುದು ಇವರ ಮನೆಯ ನೇಮ. ಕೈಯಕ್ಕನಿಗೆ ಕಲಿಸುವಾಗ ಅವರ ಅತ್ತೆ ಪಕ್ಕದ ಮನೆಯವರ ಕೈ ಎರವಲು ತರುತ್ತಿದ್ದರು. ತಾವು ಕಲಿಸುವಾಗ ಕೈಯಕ್ಕನಿಗೆ ಅದು ಹೊಳೆಯಲಿಲ್ಲ. ಯಡವಟ್ಟಾದದ್ದು ಅಲ್ಲೇ.

ಒಂದು ಮಧ್ಯಾಹ್ನ ಕೈಯಕ್ಕ ಕಣ್ಣಿನ ಔಷಧಿಯ ಸಾಲಿನಲ್ಲಿ ನಿಂತಿದ್ದರು. ಟಾರ್ಪಾಲಿನ ಮೇಲೆ ಸೊಸೆ ಒಬ್ಬಳೇ. ಮಣಿಕಟ್ಟಿಗೆ ಆಸ್ಪತ್ರೆಯ ಪಟ್ಟಿ ಕಟ್ಟಿಕೊಂಡ ಹೆಂಗಸೊಬ್ಬಳು ಗಾಳಿಗೆಂದು ಹೊರಬಂದವಳು ಕೈ ಚಾಚಿದಳು. ಮಾರನೆಯ ದಿನ ಅವಳಿಗೆ ಹೊಟ್ಟೆಯ ಗಡ್ಡೆಯ ಆಪರೇಷನ್. ಸೊಸೆ ನೋಡಿದಳು: ಆಯುಷ್ಯ ರೇಖೆಯ ತುದಿಯಲ್ಲೇ ತುಂಡು. “ಇಲ್ಲಿ ಕಡಿದು ಹೋಗಿದೆಯಲ್ಲ... ಮುಂದೆ ಸ್ವಲ್ಪ ಹುಷಾರಾಗಿರಿ,” ಎಂದುಬಿಟ್ಟಳು.

ಮರುದಿನ ಬೆಳಿಗ್ಗೆ ಆ ಹೆಂಗಸಿನ ಗಂಡ ಗೇಟಿಗೇ ಬಂದ. “ಯಾರ್ರೀ ಅದು ಅವಳ ಕೈ ನೋಡಿದ್ದು? ಆಪರೇಷನ್ನೇ ಬೇಡ, ಮನೆಗೆ ಕರ್ಕೊಂಡು ಹೋಗಿ ಅಂತ ಹಟ ಹಿಡಿದಿದಾಳೆ. ತಡ ಮಾಡಿದ್ರೆ ಉಳಿಯಲ್ಲ ಅಂತಿದಾರೆ ಡಾಕ್ಟ್ರು!”

ಕೈಯಕ್ಕ ಸೊಸೆಯ ಕಡೆ ತಿರುಗಿದರು. “ಎಲ್ಲಿ ತುಂಡಾಗಿತ್ತು? ತೋರ್ಸು.”

“ಕೊನೇಲಿ ಅತ್ತೆ. ನನ್ನ ಕಡೆ ಬಂದಿತ್ತಲ್ಲ, ಆ ತುದೀಲಿ.”

“ಅಯ್ಯೋ ಪುಣ್ಯಾತ್ಗಿತ್ತಿ! ನಿನ್ನ ಕೈಯಾದ್ರೆ ಮಣಿಕಟ್ಟು ನಿನ್ನ ಕಡೆ. ಎದುರಿಗೆ ಕೂತವರದ್ದು ಬೆರಳು ನಿನ್ನ ಕಡೆ. ನೀನು ನೋಡಿದ್ದು ಶುರು ಕಣೇ, ಕೊನೆ ಅಲ್ಲ!”

ತನ್ನ ಅಂಗೈಯಲ್ಲೇ ಕಲಿತವಳು ಪರರ ಅಂಗೈಯನ್ನು ತಲೆಕೆಳಗಾಗಿ ಓದಿದ್ದಳು.

ಇಬ್ಬರೂ ವಾರ್ಡಿಗೆ ಓಡಿದರು. ಆ ಹೆಂಗಸು ಗೋಡೆ ಕಡೆ ಮುಖ ಮಾಡಿ, ಎರಡೂ ಕೈಯನ್ನು ಹೊದಿಕೆಯೊಳಗೆ ಬಚ್ಚಿಟ್ಟುಕೊಂಡು ಮಲಗಿದ್ದಳು. “ತಪ್ಪು ನಂದು. ಉಲ್ಟಾ ನೋಡ್ಬಿಟ್ಟೆ,” ಎಂದಳು ಸೊಸೆ.

“ಹೋಗಮ್ಮ. ಧೈರ್ಯ ಹೇಳೋಕೆ ಸುಳ್ಳು ಹೇಳ್ತಿದೀಯ.”

ಕೈಯಕ್ಕ ವಾದಕ್ಕೆ ಇಳಿಯಲಿಲ್ಲ. ಸೊಸೆಯನ್ನು ಮಂಚದ ಮೇಲೆ ಆಕೆಯ ಪಕ್ಕಕ್ಕೇ ಕೂರಿಸಿದರು. ಸೊಸೆ ತನ್ನ ಅಂಗೈ ಬಿಡಿಸಿ, ಗೆರೆ ಎಲ್ಲಿ ಹುಟ್ಟುತ್ತದೆ, ಎಲ್ಲಿ ಇಳಿಯುತ್ತದೆ ಎಂದು ಬೆರಳಿಟ್ಟು ತೋರಿಸಿದಳು. ಸ್ವಲ್ಪ ಹೊತ್ತಿಗೆ ಹೊದಿಕೆಯಿಂದ ಇನ್ನೊಂದು ಅಂಗೈ ಮೆಲ್ಲಗೆ ಹೊರಬಂದು ಅದರ ಪಕ್ಕ ನಿಂತಿತು. ತುಂಡು ಇದ್ದದ್ದು ಗೆರೆ ಹುಟ್ಟುವ ಕಡೆಯಲ್ಲಿ. “ಚಿಕ್ಕವರಿದ್ದಾಗ ಏನಾದ್ರೂ ಆಗಿತ್ತಾ?” ಸೊಸೆ ಕೇಳಿದಳು.

“ಜ್ವರ ಬಂದು ಇನ್ನೇನು ಕೈ ಬಿಟ್ಟುಹೋಗೋದ್ರಲ್ಲಿದ್ದೆನಂತೆ. ಅಮ್ಮ ಹೇಳ್ತಿದ್ಲು,” ಎಂದವಳು ಅಳಲು ಶುರುಮಾಡಿದಳು. ಅತ್ತು ಮುಗಿದ ಮೇಲೆ ಗಂಡನಿಗೆ, “ಡಾಕ್ಟ್ರನ್ನ ಕರೀರಿ,” ಎಂದಳು.

ಈ ಕಥೆ ಹೇಳಿ ಕೈಯಕ್ಕ ಸೆರಗಿನಿಂದ ಬಾಯಿ ಮುಚ್ಚಿ ನಗುತ್ತಾರೆ. “ಜ್ವರ ಬರದೇ ಇರೋ ಮಗು ಎಲ್ಲಿದೆ ಹೇಳಿ?” ಮರುಗಳಿಗೆ ನಗು ಇಳಿಯುತ್ತದೆ. “ಗೆರೆ ಏನು ಮಾಡುತ್ತೋ ನಂಗೆ ಇವತ್ತಿಗೂ ಗೊತ್ತಿಲ್ಲ. ನಮ್ಮ ಬಾಯಿ ಏನು ಮಾಡುತ್ತೆ ಅಂತ ಅವತ್ತು ನೋಡ್ದೆ.”

ಹೆಂಗಸು ಚೇತರಿಸಿಕೊಂಡಳು. ಮನೆಗೆ ಹೊರಟ ದಿನ ಗೇಟಿನಲ್ಲಿ ಆಟೋ ನಿಲ್ಲಿಸಿ, “ಈಗ ನೋಡಮ್ಮ, ನೆಟ್ಟಗೆ ನೋಡು,” ಎಂದು ಕೈ ಚಾಚಿದಳು. ಸೊಸೆ ತಲೆಯಾಡಿಸಿ ಹಿಂದೆ ಸರಿದಳು. ಅಲ್ಲಿಂದಾಚೆಗೆ ಅವಳ ಕೆಲಸ ಕೈ ಒರೆಸುವುದಷ್ಟೇ. ಮನೆಗೆಲಸಕ್ಕೆ ಎಲ್ಲಾದರೂ ಸೇರುತ್ತೇನೆ, ಇದು ನನ್ನಿಂದಾಗದು ಎಂದೂ ಹೇಳಿದಳು.

ನಿನ್ನೆ ಸಂಜೆ ಕೈಯಕ್ಕ ಒಂದು ತೀರ್ಮಾನಕ್ಕೆ ಬಂದರು. ಸೊಪ್ಪು ಬಿಡಿಸುತ್ತಿದ್ದ ಸೊಸೆಯ ಎದುರು ಕೂತು, ತಮ್ಮ ಎಡಗೈ ಚಾಚಿದರು.

“ಮನೆಯವ್ರದ್ದು ನೋಡಬಾರದಲ್ವಾ ಅತ್ತೆ?” ಅವಳು ಬೆಚ್ಚಿದಳು.

“ನೇಮ ಇರಲಿ ಬಿಡು. ಕೈ ಹಿಡಿ. ಶುರು ಎಲ್ಲಿ, ಕೊನೆ ಎಲ್ಲಿ, ಅಷ್ಟು ಹೇಳು.”

ಆಮೇಲೇನಾಯಿತೆಂದು ಕೇಳಿದರೆ ಕೈಯಕ್ಕ ಸೊಸೆಯ ಕಡೆ ನೋಡುತ್ತಾರೆ. ಅವಳು ಹೊಸ ಗಿರಾಕಿಯೊಬ್ಬರ ಅಂಗೈ ಒರೆಸುತ್ತಿದ್ದಾಳೆ. ಒರೆಸಿ ಅತ್ತೆಯ ಕಡೆ ದಾಟಿಸುವುದಿಲ್ಲ, ತಾನೇ ಇಟ್ಟುಕೊಂಡಿದ್ದಾಳೆ.

“ಸರಿಯಾದ ಕಡೆಗೇ ಬೆರಳಿಟ್ಲು,” ಎನ್ನುತ್ತಾರೆ ಕೈಯಕ್ಕ, ದನಿ ತಗ್ಗಿಸಿ. “ಆಮೇಲೆ ‘ಎಷ್ಟು ತಣ್ಣಗಿದೆ ಅತ್ತೆ ನಿಮ್ಮ ಕೈ’ ಅಂತ ಎರಡೂ ಕೈಲಿ ಮುಚ್ಚಿ ಹಿಡ್ಕೊಂಡ್ಲು, ಬೆಚ್ಚಗಾಗೋ ತನಕ. ಅದನ್ನ ನಾನು ಕಲಿಸಿರ್ಲಿಲ್ಲ.”