ಪತ್ತೇದಾರಕ್ಕ ಹಿಡಿದುಕೊಟ್ಟ ಕೊಲೆಗಾರ

ಊರಿನ ದರ್ಜಿಯಮ್ಮನಿಗೆ ಪತ್ತೇದಾರಕ್ಕ ಎಂಬ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಕಳುವಾದ ಕೋಳಿ ಯಾರ ಹೊಟ್ಟೆ ಸೇರಿತು, ಶಾಲೆಯ ಗೋಡೆಗೆ ಹೊಲಸು ಗೀಚಿದವರು ಯಾರು, ಎಲ್ಲವನ್ನೂ ಹೊಲಿಗೆಯಂತ್ರ ತುಳಿಯುತ್ತಲೇ ಕಂಡುಹಿಡಿದಿದ್ದಳು. ಹೊಗಳಿಕೆ ಯಾರಿಗೆ ಬೇಡ? ಅವಳಿಗಂತೂ ತಲೆಗೇರಿತ್ತು.

ಹಿಟ್ಟಿನ ಗಿರಣಿಯವನು ಗಿರಣಿಯ ಹಿಂದೆ ತಲೆಯೊಡೆದು ಸತ್ತುಬಿದ್ದಾಗ ಅವನ ಮುಷ್ಟಿಯಲ್ಲಿ ಕಂದುಪಟ್ಟೆಯ ಅಂಗಿಯ ಹರಿದ ಜೇಬಿತ್ತು. ಪೊಲೀಸರು ತಲೆ ಕೆರೆದುಕೊಳ್ಳುತ್ತಿದ್ದರೆ ಇವಳು ಜನರನ್ನು ಸರಿಸಿಕೊಂಡು ಮುಂದೆ ಬಂದಳು.

"ಇದು ಬಡಗಿದು. ಪೆನ್ಸಿಲ್ ಇಟ್ಕೊಳ್ಳೋಕೆ ಒಳಗೆ ಪಟ್ಟಿ ಹಾಕಿಸ್ಕೊಂಡಿದ್ದ. ನಾನೇ ಹೊಲಿದದ್ದು."

ಬಡಗಿ ಗೋಗರೆದ. "ಅಕ್ಕಾ, ಆ ಅಂಗೀನ ಸವೆದ ಕಾಲರ್ ತಿರುಗಿಸಿ ಹೊಲಿಯೋಕೆ ನಿಮಗೇ ಕೊಟ್ಟಿದ್ದೆನಲ್ಲ! ವಾಪಸ್ ಬಂದೇ ಇಲ್ಲ."

ಹೊಲಿದ ಬಟ್ಟೆ ಮನೆಮನೆಗೆ ಮುಟ್ಟಿಸುವುದು ಅವಳ ಗಂಡನ ಕೆಲಸ. ಕೇಳಿದಳು. "ಹೋದ ವಾರವೇ ಕೊಟ್ಟೆ" ಎಂದ. ಅವಳಿಗೆ ಅಷ್ಟು ಸಾಕಾಯಿತು. ಗಿರಾಕಿಗಳ ಅಂಗಿಯನ್ನು ಮುಟ್ಟಿಸುವ ಮೊದಲು ತಾನೇ ಎರಡು ದಿನ ತೊಟ್ಟು ಮೆರೆಯುವುದು ಆ ಮಹಾಶಯನ ಹಳೆಯ ಚಾಳಿ. ಇವಳು ನಕ್ಕು ಸುಮ್ಮನಾಗುತ್ತಿದ್ದಳು. ಅವತ್ತು ಅದು ನೆನಪಿಗೇ ಬರಲಿಲ್ಲ. ಅಂಗಿ ಎಂದರೆ ಅಳತೆ ಕೊಟ್ಟವನದು. ದರ್ಜಿಯ ಕಣ್ಣಿಗೆ ಅದರೊಳಗೆ ಇನ್ನೊಂದು ಮೈ ಕಾಣುವುದೇ ಇಲ್ಲ. "ನನ್ನ ಹೊಲಿಗೆ ನನಗೆ ಗೊತ್ತಿಲ್ವಾ ಸ್ವಾಮಿ?" ಎಂದು ಕೋರ್ಟಿನಲ್ಲಿ ಎದೆ ಸೆಟೆಸಿ ಹೇಳಿಬಂದಳು. ಬಡಗಿಗೆ ಜೀವಾವಧಿ ಶಿಕ್ಷೆಯಾಯಿತು.

ಆರು ತಿಂಗಳ ಮೇಲೆ ಒಂದು ಮಧ್ಯಾಹ್ನ ಯಂತ್ರಕ್ಕೆ ಎಣ್ಣೆ ಬಿಟ್ಟು, ಒರೆಸಲು ಚಿಂದಿಯ ಗಂಟಿಗೆ ಕೈಹಾಕಿದಳು. ಕೈಗೆ ಬಂದದ್ದು ಕಂದುಪಟ್ಟೆಯ ಅರ್ಧ ಅಂಗಿ. ಕಾಲರ್ ತಿರುಗಿಸಿ ಹೊಲಿದಿತ್ತು, ಅವಳದೇ ಹೊಲಿಗೆ. ಎದೆಯ ಮೇಲೆ ಜೇಬು ಕಿತ್ತುಹೋಗಿತ್ತು.

ಗಂಡ ಅಲ್ಲಗಳೆಯಲಿಲ್ಲ. "ಆ ಗಿರಣಿಯವನು ನಾಲ್ಕು ಜನರ ಮುಂದೆ ನನ್ನನ್ನ ಹೆಂಡತಿ ದುಡಿಮೆ ತಿನ್ನೋನು ಅಂದ. ಒಂದೇ ಏಟು ಕೊಟ್ಟೆ. ಸಾಯ್ತಾನೆ ಅಂತ ಯಾರಿಗೆ ಗೊತ್ತು?" ಆಮೇಲೆ ಸಲೀಸಾಗಿ ಸೇರಿಸಿದ: "ಬಡಗಿ ಹೆಸರು ಹೇಳಿದ್ದು ನೀನು. ನಾನು ಬಾಯಿ ಬಿಡಲಿಲ್ಲ, ಅಷ್ಟೆ."

ತನ್ನ ಮೇಲೆಯೇ ಹೇಸಿಗೆಯಾಗಿ, ಆ ಚಿಂದಿ ಹಿಡಿದು ಉಟ್ಟ ಸೀರೆಯಲ್ಲೇ ಠಾಣೆಗೆ ಓಡಿದಳು. ಬಡಗಿಯನ್ನು ಹೊರಗೆ ತರಬೇಕು, ಅದೊಂದೇ. ಇನ್‌ಸ್ಪೆಕ್ಟರು ಚಿಂದಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ಮೇಜಿನ ಮೇಲೆ ಹಾಕಿದರು.

"ಗಂಡನ ಜೊತೆ ಜಗಳ ಆಯ್ತೇನಮ್ಮಾ?"

"ಇಲ್ಲ ಸಾರ್, ಸತ್ಯ ಹೇಳ್ತಿದ್ದೀನಿ. ಅವರೇ ಒಪ್ಪಿಕೊಂಡ್ರು. ಇದು ಅದೇ ಅಂಗಿ."

"ಈ ಚಿಂದಿ ನಿಮ್ಮ ಅಂಗಡೀದೇ ತಾನೇ? ಇಂಥದ್ದನ್ನ ನೀವೇ ಹೊಲಿದು ಹರಿದಿರಬಹುದು. ಕೋರ್ಟಲ್ಲೂ ನೀವು ಇಷ್ಟೇ ಖಚಿತವಾಗಿ ಹೇಳಿದ್ರಿ."

ಅಂಗಲಾಚಿದಳು, ಅತ್ತಳು, ಏಳಲು ಒಲ್ಲೆನೆಂದಳು. ಕೊನೆಗೆ ಅವರು ಗಂಡನಿಗೇ ಹೇಳಿಕಳಿಸಿದರು. ಅವನು ಬಂದು ಎಲ್ಲರಿಗೂ ಕೈಮುಗಿದು, ಅವಳ ತೋಳನ್ನು ಮೆಲ್ಲಗೆ ಹಿಡಿದು ಎಬ್ಬಿಸಿದ.

"ತಪ್ಪು ತಿಳ್ಕೋಬೇಡಿ ಸಾರ್. ಪತ್ತೆ ಮಾಡೋ ಹುಚ್ಚು. ಈಗ ಮನೆಯವರನ್ನೂ ಬಿಡ್ತಿಲ್ಲ."

ಠಾಣೆಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಬಡಗಿ ಜೈಲಿನಲ್ಲೇ ಉಳಿದ.