ಏಳು ತಿಂಗಳಿನವನ ಹೆಗಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕವಲೇದುರ್ಗದ ಬೆನ್ನಿಗಿರುವ ಕೊಡಸೆಬೈಲು ಎಂಬ ಊರಿನಲ್ಲಿ, ಗಿರಿಯಪ್ಪನವರ ಮನೆಯ ಅಂಗಳದಲ್ಲಿ, ಮಾಸ್ತಪ್ಪ ಬಿದಿರಿನ ಗಳಕ್ಕೆ ಕಂಬಳಿಯ ಎರಡೂ ತುದಿ ಕಟ್ಟಿ ಜೋಲಿ ಮಾಡುತ್ತಿದ್ದಾನೆ. ಒಳಗೆ ಗಿರಿಯಪ್ಪನವರ ಹೆಂಡತಿ ಶಾಂತಮ್ಮ ಜ್ವರದಲ್ಲಿ ನರಳುತ್ತಿದ್ದಾರೆ. ಬಸ್ಸು ಸಿಗುವ ಟಾರು ರಸ್ತೆ ಎರಡು ಗುಡ್ಡದಾಚೆ ಇದೆ. ಅಲ್ಲಿಯವರೆಗೆ ಕಾಯಿಲೆಯವರಿಗೆ ಈ ಕಂಬಳಿಯೇ ಕಾರು, ಮಾಸ್ತಪ್ಪನೇ ಡ್ರೈವರು.

ಮಲಗಿಸಿದ ಮೇಲೆ ಕಂಬಳಿಯೊಳಗಿಂದ ಶಾಂತಮ್ಮನ ದನಿ ಬರುತ್ತದೆ. "ಮುಂದಿನ ಹೆಗ್ಲು ಯಾರ್ದು?"

"ನಂದೇ ಅಮ್ಮ. ಸುಮ್ನೆ ಮಲ್ಗಿ."

"ಹಂಗಾರೆ ನಾ ಬದುಕಿದೆ ಬಿಡು," ಎಂದು ಮುದುಕಿ ನೆಮ್ಮದಿಯ ಉಸಿರು ಬಿಡುತ್ತಾರೆ.

ಇಳಿಜಾರಿನಲ್ಲಿ ಜೋಲಿಯ ಭಾರವೆಲ್ಲ ಮುಂದಿನವನ ಮೇಲೆ ಬೀಳುತ್ತದೆ. ಹಿಂದಿನವರು ಸರದಿಯ ಮೇಲೆ ಬದಲಾಗುತ್ತಾರೆ, ಮುಂದಿನವನು ಬದಲಾಗುವುದಿಲ್ಲ. ಹಳ್ಳದ ಮೇಲೆ ಹಾಸಿದ ಮರದ ಸಂಕ ದಾಟುವ ಹೊತ್ತಿಗೆ ಮಾಸ್ತಪ್ಪನ ಎದೆ ಡವಗುಟ್ಟತೊಡಗುತ್ತದೆ, ಕಣ್ಣೆದುರಿನ ದಾರಿ ಮಂಜಾಗುತ್ತದೆ. "ಗಂಟು ಸಡ್ಲ ಆಗ್ಯದೆ, ಇಳ್ಸಿ," ಎನ್ನುತ್ತಾನೆ. ಇಳಿಸುತ್ತಾರೆ. ಅವನು ಬಗ್ಗಿ ಗಂಟನ್ನು ಹಿಡಿದುಕೊಂಡು, ಯಾರಿಗೂ ಮುಖ ತೋರಿಸದೆ ಉಸಿರು ತೆಗೆದುಕೊಳ್ಳುತ್ತಾನೆ. ಅಸಲಿಗೆ ಗಂಟು ಸಡಿಲವಾಗಿಯೇ ಇರುವುದಿಲ್ಲ.

ಅವನಿಗಿನ್ನೂ ಇಪ್ಪತ್ತೇಳು. ನೋಡಿದವರು ನಲವತ್ತು ದಾಟಿದೆ ಎನ್ನುತ್ತಾರೆ.

ಮಾಸ್ತಪ್ಪ ಹುಟ್ಟಿದ್ದೂ ಇಂಥದೇ ಜೋಲಿಯಲ್ಲಿ, ಇದೇ ಸಂಕದ ಹತ್ತಿರ. ತಾಯಿ ಹುಲಿಯಮ್ಮನಿಗೆ ಏಳು ತಿಂಗಳಿಗೇ ನೋವು ಬಂದಿತ್ತು. "ಬೊಗಸೇಲಿ ಹಿಡದ್ರೆ ಇನ್ನೂ ಜಾಗ ಉಳೀತಿತ್ತು," ಎಂದು ಹುಲಿಯಮ್ಮ ಎರಡೂ ಕೈ ಜೋಡಿಸಿ ತೋರಿಸುತ್ತಾಳೆ. "ಅಳಕ್ಕೂ ದನಿ ಇಲ್ಲ. ಬೂರುಗದ ಹತ್ತೀಲಿ ಸುತ್ತಿ, ಬುಟ್ಟೀಲಿಟ್ಟು, ಬಚ್ಚಲೊಲೆ ಹತ್ರ ಇಟ್ಕಂಡು ಕೂತಿದ್ದೆ. ಬಟ್ಟೆ ಬತ್ತೀಲಿ ಹಾಲು ಹಿಂಡ್ತಿದ್ದೆ. ಬೆಂಕಿ ಆರಿದ್ರೆ ಇವ್ನೂ ಆರ್ತಾನೆ ಅನ್ನೋ ಹೆದ್ರಿಕೆ." ಕೂಸು ಉಳಿಯಿತು. ಯಮ ಬಂದು ಎತ್ತಿ ನೋಡಿ, ಇಷ್ಟು ಹಗುರದ್ದನ್ನು ಹೊತ್ತುಕೊಂಡು ಹೋದರೆ ಮರ್ಯಾದೆಯಲ್ಲ ಎಂದು ಬಿಟ್ಟುಹೋದ ಎಂದು ಊರವರು ಇಂದಿಗೂ ತಮಾಷೆ ಮಾಡುತ್ತಾರೆ.

ತಮಾಷೆ ನಂಬಿಕೆಯಾಗಲು ಹೆಚ್ಚು ಕಾಲ ಬೇಕಾಗಲಿಲ್ಲ. ಮೀಸೆ ಮೂಡುವ ವಯಸ್ಸಿನಲ್ಲಿ ಮಾಸ್ತಪ್ಪ ಮೊದಲ ಸಲ ಹೆಗಲು ಕೊಟ್ಟದ್ದು ಹಾವು ಕಚ್ಚಿದವನೊಬ್ಬನಿಗೆ. ಆತ ಬದುಕಿ ಮನೆಗೆ ಬಂದ. ಅಲ್ಲಿಂದ ಮುಂದೆ ಅದೊಂದು ಪದ್ಧತಿಯೇ ಆಯಿತು. ಜೋಲಿಯಲ್ಲಿ ಹುಟ್ಟಿ ಸಾವನ್ನು ಗೆದ್ದವನು ಮುಂದಿದ್ದರೆ ಆಸ್ಪತ್ರೆಗೆ ಹೋದವರು ಬದುಕಿ ಬರುತ್ತಾರೆ ಎಂಬ ಲೆಕ್ಕ. ಕಂಬಳಿ, ಗಳ ಎರಡೂ ಅವನ ಮನೆಯ ಮಾಡಿನಡಿಯಲ್ಲೇ ಇರುತ್ತವೆ. ಏಳು ತಿಂಗಳಿಗೆ ಹುಟ್ಟಿ ಉಳಿದವನ ಎದೆ ಕಲ್ಲಿನಷ್ಟು ಗಟ್ಟಿ ಎಂದು ಊರು ನಂಬಿತು. ಪಾಪ, ಮಾಸ್ತಪ್ಪನೂ ನಂಬಿದ.

ಆ ನಂಬಿಕೆಗೆ ಮೊದಲ ಪೆಟ್ಟು ಬಿದ್ದದ್ದು ಹೋದ ವರ್ಷ ತೀರ್ಥಹಳ್ಳಿಯಲ್ಲಿ. ರೋಗಿಯನ್ನು ಒಳಗೆ ಬಿಟ್ಟು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದವನ ಊದಿದ ಪಾದಗಳು ಡಾಕ್ಟರ್ ಉಮಾಮಹೇಶ್ವರರ ಕಣ್ಣಿಗೆ ಬಿದ್ದವು. ಬಿ.ಪಿ. ನೋಡಿದರು, ಎಕ್ಸ್‌ರೇ ತೆಗೆಸಿದರು. ಹೃದಯ ದೊಡ್ಡದಾಗಿತ್ತು.

ದೊಡ್ಡ ಹೃದಯ ಎಂದರೆ ಒಳ್ಳೆಯದೇ ಅಲ್ಲವೇ ಎಂದು ಮಾಸ್ತಪ್ಪ ಕೇಳಿದನಂತೆ.

"ಅಲ್ಲಪ್ಪ. ಸೋತಿದೆ ಅಂತ ಅರ್ಥ," ಎಂದರು ಡಾಕ್ಟರು. "ತಿಂಗಳು ತುಂಬಿ ಹುಟ್ಟಿದ್ಯಾ?"

ಅವನು ಹೆಮ್ಮೆಯಿಂದಲೇ ಜೋಲಿಯ ಕಥೆ ಹೇಳಿದ. ಡಾಕ್ಟರು ನಗಲಿಲ್ಲ. ತಿಂಗಳು ತುಂಬದೆ ಹುಟ್ಟಿದವರ ಎದೆಗೆ ದೊಡ್ಡವರಾದ ಮೇಲೆ ಏನಾಗುತ್ತದೆಂದು ತಾವು ಓದಿದ ಪುಸ್ತಕಗಳಲ್ಲಿ ಇಲ್ಲ, ಆದರೂ ತಮಗೆ ಅನುಮಾನವಿದೆ ಎಂದರು. "ಪೂರ್ತಿ ಬಲಿಯೋ ಮೊದ್ಲೇ ಕೆಲಸಕ್ಕೆ ಹಚ್ಚಿದ ಎದೆ ಅದು. ಅದರ ಮೇಲೆ ಇಷ್ಟು ವರ್ಷ ಭಾರ ಹೊತ್ತಿದೀಯ. ಇನ್ನು ಗಳ ಮುಟ್ಬೇಡ." ಒಂದು ಮಾತ್ರೆ ಬರೆದುಕೊಟ್ಟರು.

ಅವನು ಮಾತು ಕೇಳಿದ. ಆ ಮಳೆಗಾಲ ಹೆಗಲು ಕೊಡಲಿಲ್ಲ. ಕೇಳಿದ್ದರಿಂದಲೇ ಆದ ಕಥೆಯನ್ನು ಅವನು ಹೇಳುವುದು ನೆಲ ನೋಡಿಕೊಂಡು.

ಅದೇ ಊರಿನ ಧರ್ಮಪ್ಪನ ಹೆಂಡತಿ ಕೆರಿಯಮ್ಮನಿಗೂ ದಿನ ತುಂಬುವ ಮೊದಲೇ ನೋವು ಬಂತು. ಮನೆಯವರು ಮಾಸ್ತಪ್ಪನನ್ನು ಕರೆಯಲು ಓಡಿಬಂದರು. "ನಂಗೆ ಆಗಲ್ಲ, ಬೇರೆಯವ್ರು ಹೊರ್ಲಿ, ಕಂಬಳಿ ತಗಂಡ್ ಹೋಗಿ," ಎಂದ. ಅವರು ಒಪ್ಪಲಿಲ್ಲ. ಅವಸರದ ಹೆರಿಗೆ, ಅವನಿಲ್ಲದೆ ಜೋಲಿ ಎತ್ತುವುದು ಹೇಗೆ? ಕಾಡಿದರು, ಬೈದರು, ಹುಲಿಯಮ್ಮನ ಕಾಲು ಹಿಡಿದರು. ಕೊನೆಗೆ ಬೇರೆಯವರೇ ಹೊತ್ತರು, ಆದರೆ ಹೊತ್ತು ಮೀರಿಹೋಗಿತ್ತು. ಕೂಸು ಸಂಕದ ಹತ್ತಿರ ಹುಟ್ಟಿತು, ಅಲ್ಲೇ ಹೋಯಿತು. ಕೆರಿಯಮ್ಮ ಉಳಿದಳು.

"ಯಾರೂ ನಂಗೆ ಎಂತದೂ ಅನ್ಲಿಲ್ಲ," ಎನ್ನುತ್ತಾನೆ ಮಾಸ್ತಪ್ಪ. "ಕಂಬಳಿ ತೊಳ್ದು, ಒಣಗ್ಸಿ, ವಾಪಸ್ ತಂದಿಟ್ರು. ಬೈದಿದ್ರೆ ತಡ್ಕಬೌದಿತ್ತು." ಮುಂದಿನ ಸಲ ಕರೆ ಬಂದಾಗ ಅವನೇ ಮೊದಲು ಎದ್ದ.

ಇವತ್ತು ಜೋಲಿಯ ಹಿಂದಿನ ಸರದಿಯಲ್ಲಿ ಅದೇ ಧರ್ಮಪ್ಪನೂ ಇದ್ದಾನೆ. ಸಂಕದ ಬಳಿ ಇಳಿಸಿದಾಗಲೆಲ್ಲ ಅವನು ಬೇಕೆಂದೇ ಆಚೆ ತಿರುಗಿ ಎಲೆಯಡಿಕೆಯ ಕವಳ ಹಾಕುತ್ತಾನೆ. "ಗಂಟು ಸಡ್ಲ ಆಗಲ್ಲ ಅಂತ ನಂಗೆ ಗೊತ್ತಿಲ್ವಾ? ಕಟ್ಟುವಾಗ ಜೊತೇಲೇ ಇರ್ತೀನಿ," ಎಂದು ಹೊರಗಿನಿಂದ ಬಂದವರ ಕಿವಿಯಲ್ಲಿ ಪಿಸುಗುಡುತ್ತಾನೆ. "ಕೇಳಿದ್ರೆ, ನೀ ಹೊರ್ಬೇಡ ಅನ್ಬೇಕಾಗ್ತದೆ. ಹಂಗಂದ್ರೆ ನಾಳೆ ನಮ್ಮನೆಗೆ ಯಾರು?" ಊರಿಗೆ ಊರೇ ಬಲ್ಲ ಗುಟ್ಟು ಇದು. ಅವನ ಎದುರು ಒಬ್ಬರೂ ಬಾಯಿ ಬಿಡುವುದಿಲ್ಲ. ಕೇಳಿದವರಿಗೆ ಸಿಟ್ಟು ಬರುತ್ತದೆ, ಆದರೆ ಯಾರ ಮೇಲೆ ಮಾಡುವುದು? ಓಟಿನ ಸಮಯದಲ್ಲಿ ಏದುಸಿರು ಬಿಡುತ್ತ ಗುಡ್ಡ ಹತ್ತಿ ರಸ್ತೆಯ ಮಾತು ಕೊಟ್ಟವರು, ಇಳಿಯುವಾಗ ಮಾತನ್ನೂ ಅಲ್ಲೇ ಇಳಿಸಿ ಹೋಗಿದ್ದಾರೆ.

ಬಸ್ಸು ಬರುತ್ತದೆ. ಶಾಂತಮ್ಮನನ್ನು ಹತ್ತಿಸುತ್ತಾರೆ. ಮಾಸ್ತಪ್ಪ ಮೈಲಿಗಲ್ಲಿನ ಮೇಲೆ ಕೂತು ಪಾದದ ಊತವನ್ನು ಬೆರಳಿನಿಂದ ಒತ್ತುತ್ತಾನೆ. ಒತ್ತಿದ ಕಡೆ ಗುಳಿ ಬಿದ್ದು ಹಾಗೇ ಉಳಿಯುತ್ತದೆ. ಮಾತ್ರೆ ಮುಗಿದು ಬಹಳ ದಿನವಾಗಿದೆ. ಇನ್ನೆಷ್ಟು ಕಾಲ ಎಂದು ಅವನನ್ನು ಕೇಳುವ ಧೈರ್ಯ ಯಾರಿಗೂ ಇಲ್ಲ.

ಬಿಸಿಲೇರಿದ ಮೇಲೆ ಮನೆಗೆ ಮರಳುತ್ತಾನೆ. ಬಚ್ಚಲೊಲೆಯ ಪಕ್ಕದಲ್ಲಿ ಮತ್ತೊಂದು ಬುಟ್ಟಿ ಇದೆ, ಅದರಲ್ಲಿ ಬೂರುಗದ ಹತ್ತಿ. ಅವನ ಹೆಂಡತಿ ತುಂಗಾ ಹೋದ ತಿಂಗಳು ಹೆತ್ತಳು, ಅದೂ ಏಳಕ್ಕೇ. ಗಂಡು. ಹುಲಿಯಮ್ಮ ಮತ್ತೆ ಬೆಂಕಿ ಕಾಯುತ್ತಿದ್ದಾಳೆ. ಕೂಸನ್ನು ನೋಡಲು ಬಂದ ಶಾಂತಮ್ಮನ ಗಂಡ ಗಿರಿಯಪ್ಪ, ಹತ್ತಿಯೊಳಗೆ ಬೆರಳಿಟ್ಟು ಅದರ ಭುಜ ಸವರಿ, "ನಮ್ಮೂರಿಗೆ ಇನ್ನೊಂದು ಹೆಗ್ಲು ಬಂತು ನೋಡು," ಎಂದಿದ್ದರಂತೆ. ಕೂತವರೆಲ್ಲ ಖುಷಿಯಿಂದ ನಕ್ಕರು. ತುಂಗಾ ಒಳಗೆ ಹೋಗಿ ಅತ್ತಳು.

ನಿನಗೇನಾದರೂ ಆಸೆ ಇದೆಯಾ ಎಂದರೆ ಮಾಸ್ತಪ್ಪ ಬುಟ್ಟಿಯ ಹತ್ತಿ ಸರಿಸಿ ಕೂಸಿನ ಭುಜ ನೋಡುತ್ತಾನೆ. ರಸ್ತೆ ಕೇಳುವುದಿಲ್ಲ, ಔಷಧಿ ಕೇಳುವುದಿಲ್ಲ.

"ಇವನ ಹೆಗ್ಲು ಸಪೂರ ಇರ್ಲಿ," ಎನ್ನುತ್ತಾನೆ. "ಗಳ ಇಟ್ರೆ ಜಾರಿ ಬೀಳ್ಬೇಕು. ಅಷ್ಟು ಸಪೂರ."